ಹದಿನಾರು ಗುರುತು

1891, ಜನವರಿ 12, ಸೋಮವಾರ

ಇವತ್ತಿನಿಂದ ನಾನು ಅಣ್ಣನ ಗುಮಾಸ್ತೆ. ಇಪ್ಪತ್ತೆರಡು ವರ್ಷ ಶಾಲೆಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ಈಗ ಕಾಲೇಜಿನ ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿಕೊಂಡು, ಅವನು ಹೇಳಿದ ಅಂಕಿಗಳನ್ನು ಬರೆದುಕೊಳ್ಳಬೇಕು. ದಿನಾ ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಹೋದ ವರ್ಷ ಆಸ್ಪತ್ರೆಯಿಂದ ಬಂದ ಮೇಲೆ ಎಲಿಶಾ ಅಣ್ಣನಿಗೆ ಪಕ್ಕದಲ್ಲಿ ಹೊರಗಿನವರು ಇದ್ದರೆ ಆಗುವುದಿಲ್ಲ.

ಕೋಣೆಯ ನಡುವೆ ಇಟ್ಟಿಗೆಯ ಕಟ್ಟೆ, ಅದರ ಮೇಲೆ ಕಬ್ಬಿಣದ ದುಂಡು ತೊಟ್ಟಿ, ತೊಟ್ಟಿಯ ತುಂಬ ಪಾದರಸ. ಪಾದರಸದ ಮೇಲೆ ಐದಡಿ ಚೌಕದ ಕಲ್ಲಿನ ಚಪ್ಪಡಿ ತೇಲುತ್ತಿದೆ. ಅಷ್ಟು ಭಾರದ ಚಪ್ಪಡಿ ಬೆರಳು ತಾಗಿಸಿದರೆ ತಿರುಗುತ್ತದೆ, ಆರು ನಿಮಿಷಕ್ಕೊಂದು ಸುತ್ತು. ಅದರ ನಾಲ್ಕು ಮೂಲೆಯಲ್ಲಿ ಕನ್ನಡಿಗಳು, ಅಂಚಿನಲ್ಲಿ ಒಂದು ದೀಪ, ಒಂದು ಸಣ್ಣ ದುರ್ಬೀನು. ಅಣ್ಣ ದುರ್ಬೀನಿಗೆ ಕಣ್ಣಿಟ್ಟು ಚಪ್ಪಡಿಯ ಜೊತೆಗೇ ಸುತ್ತುತ್ತಾನೆ. ನಿಲ್ಲುವಂತಿಲ್ಲ, ಮುಟ್ಟುವಂತಿಲ್ಲ. ತೊಟ್ಟಿಯ ಸುತ್ತ ಹದಿನಾರು ಗುರುತು ಹಾಕಿದ್ದಾರೆ. ಒಂದೊಂದು ಗುರುತು ದಾಟುವಾಗಲೂ ಒಳಗೆ ಕಾಣುವ ಕಪ್ಪು ಪಟ್ಟೆ ಎಷ್ಟು ಸರಿದಿದೆ ಎಂದು ಹೇಳುತ್ತಾನೆ, ಪಟ್ಟೆಯ ಅಗಲದ ಹತ್ತನೇ ಭಾಗದ ಲೆಕ್ಕದಲ್ಲಿ. ನಾನು ಒಂದನೇ ಗುರುತಿನ ಹತ್ತಿರ ಕುಳಿತು ಬರೆಯುತ್ತೇನೆ.

ಇದೆಲ್ಲ ಯಾಕೆಂದರೆ, ಬೆಳಕು ಅಲೆಯಂತೆ. ಅಲೆ ಏಳಬೇಕಾದರೆ ಏನಾದರೊಂದು ಬೇಕಲ್ಲ, ಆ ಏನಾದರೊಂದಕ್ಕೆ ಈಥರ್ ಎಂದು ಹೆಸರು. ಆಕಾಶದ ತುಂಬ ಅದೇ ಇದೆ. ಭೂಮಿ ಅದರೊಳಗೆ ಓಡುತ್ತಿರುವುದರಿಂದ ನಮಗೆ ಈಥರಿನ ಗಾಳಿ ಬೀಸುತ್ತಲೇ ಇರಬೇಕು. ಚಪ್ಪಡಿಯ ಮೇಲೆ ಬೆಳಕನ್ನು ಎರಡು ಪಾಲು ಮಾಡಿ, ಒಂದನ್ನು ಗಾಳಿಗೆ ಎದುರಾಗಿ ಕಳಿಸಿ ವಾಪಸು ತರುವುದು, ಇನ್ನೊಂದನ್ನು ಅಡ್ಡಡ್ಡ ಕಳಿಸಿ ವಾಪಸು ತರುವುದು. ಎದುರು ಹೋದದ್ದು ತಡವಾಗಿ ಬರುತ್ತದಂತೆ. ಚಪ್ಪಡಿ ತಿರುಗಿದಂತೆ ಪಟ್ಟೆ ಆ ಕಡೆ ಈ ಕಡೆ ಸರಿಯಬೇಕು.

“ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತಲ್ಲ ಅಣ್ಣ? ಬೆನ್ನಿಗೆ ಗಾಳಿ ಇರುತ್ತೆ.”

“ಪೂರ್ತಿ ಸಿಗಲ್ಲ ವಿನಿ. ಹೆಪ್ಪುಗಟ್ಟಿದ ಸರೋವರದ ಮೇಲೆ ಎದುರು ಗಾಳೀಲಿ ನಡೆದು ವಾಪಸು ಬಂದು ನೋಡು. ನಿಧಾನಕ್ಕೆ ನಡೆಯೋ ಹೊತ್ತೇ ಜಾಸ್ತಿ ಇರುತ್ತೆ.”

ತಿಳಿದ ಹಾಗೆ ತಲೆಯಾಡಿಸಿದೆ. ನಾಲ್ಕು ವರ್ಷದ ಹಿಂದೆ ಕ್ಲೀವ್‌ಲ್ಯಾಂಡಿನಲ್ಲಿ ಇಬ್ಬರು ಇದನ್ನೇ ಮಾಡಿ, ಗಾಳಿಯೇ ಇಲ್ಲ ಎಂದರಂತೆ. ಅವರು ಜುಲೈನಲ್ಲಿ ನಾಲ್ಕೈದು ದಿನ ನೋಡಿದ್ದು, ಚಳಿಗಾಲದಲ್ಲಿ ಯಾರು ನೋಡಿದ್ದಾರೆ ಎಂದು ಅಣ್ಣನ ವಾದ. ಅಣ್ಣ ಹೇಳಿದ ಮೇಲೆ ಇದ್ದೇ ಇರುತ್ತದೆ. ನನಗೇನು ತಿಳಿಯುತ್ತದೆ.

ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಿಸಿ ತಾಗಿದರೆ ಬೆಳಕಿನ ದಾರಿ ಕೆಡುತ್ತದಂತೆ. ಹಾಗಾದರೆ ದೀಪ ಯಾಕೆ ಎಂದು ಕೇಳಿದ್ದಕ್ಕೆ, “ಅದು ಚಪ್ಪಡಿ ಜೊತೇಲೇ ಸುತ್ತುತ್ತೆ. ಜೊತೇಲಿ ಸುತ್ತೋದು ಲೆಕ್ಕಕ್ಕಿಲ್ಲ. ನಿಂತಲ್ಲೇ ನಿಂತಿರೋದು ಮಾತ್ರ ಮೋಸ ಮಾಡುತ್ತೆ,” ಎಂದ. ಅದೂ ತಿಳಿಯಲಿಲ್ಲ.

ಜನವರಿ 15

ನಾಲ್ಕು ದಿನ, ಎಂಟು ಸಲ, ನಲವತ್ತೆಂಟು ಸುತ್ತು. ಸೊನ್ನೆ, ಸೊನ್ನೆ, ಅರ್ಧ, ಸೊನ್ನೆ. ಅಣ್ಣನ ಲೆಕ್ಕದಂತೆ ಗಾಳಿ ಇದ್ದರೆ ನಾಲ್ಕು ಬರಬೇಕಿತ್ತು.

ಜನವರಿ 24, ಶನಿವಾರ

ಕಾಲೇಜಿನ ಅಧ್ಯಕ್ಷರು ಮನೆಗೆ ಬಂದು ಚಹಾ ಕುಡಿದು ಹೋದರು. ಈಸ್ಟರ್ ಆದ ಮೇಲೆ ನೆಲಮಾಳಿಗೆಯನ್ನು ಹುಡುಗರ ವ್ಯಾಯಾಮಶಾಲೆ ಮಾಡುತ್ತಾರಂತೆ. ಅಷ್ಟರೊಳಗೆ ಏನಾದರೂ ಸಿಕ್ಕರೆ ಬೇರೆ ಮಾತು ಎಂದು ತುಂಬ ಮರ್ಯಾದೆಯಿಂದ ಹೇಳಿದರು. ಅಣ್ಣ ಅವರಿಗೆ ಟೋಪಿ ಎತ್ತಿಕೊಟ್ಟು ನಕ್ಕ. ಅವರು ಗೇಟು ದಾಟಿದ್ದೇ ತಡ, ಕಿಟಕಿಯ ಹತ್ತಿರ ನಿಂತು ಬೆರಳು ಮಡಿಸಿ ಎಣಿಸಲು ಶುರು ಮಾಡಿದ. ಹತ್ತಕ್ಕೆ ಬಂದು ಮತ್ತೆ ಒಂದರಿಂದ.

ಹೋದ ಸಲವೂ ಶುರುವಾದದ್ದು ಹೀಗೆಯೇ. ಆಮೇಲೆ ಊಟ ಬಿಟ್ಟ, ಆಮೇಲೆ ಮಾತು ಬಿಟ್ಟ, ಕೊನೆಗೆ ಹನ್ನೊಂದು ವಾರ ಆಸ್ಪತ್ರೆಯ ಗೋಡೆ ನೋಡುತ್ತ ಕುಳಿತ. ಕರೆದುಕೊಂಡು ಬರುವ ದಿನ ವೈದ್ಯರು ನನ್ನೊಬ್ಬಳನ್ನೇ ಕರೆದು, ಇನ್ನೊಂದು ಸಲ ಹೀಗಾದರೆ ವಾಪಸು ಬರುವುದು ಕಷ್ಟ ಎಂದಿದ್ದರು. ದೇವರೇ, ನಾಲ್ಕು ಬರಲಿ. ಈಥರ್ ಇದ್ದರೆಷ್ಟು ಬಿಟ್ಟರೆಷ್ಟು, ನನಗೆ ಅಣ್ಣ ಇದ್ದರೆ ಸಾಕು.

ಫೆಬ್ರವರಿ 2

ಹೊರಗೆ ಸರೋವರ ಕಲ್ಲಾಗಿದೆ. ನೆಲಮಾಳಿಗೆಯಲ್ಲಿ ಶಾಯಿ ಕೂಡ ಗಟ್ಟಿಯಾಗುತ್ತದೆಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಕಾಲಿನ ಬೆರಳು ಊದಿ, ಒಡೆದು, ರಾತ್ರಿಯೆಲ್ಲ ತುರಿಕೆ.

ಕಾಲೇಜಿನ ಬಾಯ್ಲರ್ ನೋಡಿಕೊಳ್ಳುವ ಬೊಹೀಮಿಯಾದ ಮುದುಕ ಕುಬಿಚೆಕ್ ನಾನು ಕುಂಟುವುದನ್ನು ನೋಡಿದ.

“ಅಮ್ಮಾವ್ರೇ, ನಿಮ್ ಕಾಲು ಮರಗಟ್ಟಿ ಬಿದ್ದೋದ್ರೆ ಆ ಆಕಾಶದ್ ಗಾಳಿ ಹೆಂಗೂ ಮುಲಾಮ್ ಹಚ್ಚಕ್ ಬರಲ್ಲ.”

“ಬಿಸಿ ಏನೂ ತರೋ ಹಾಗಿಲ್ಲಪ್ಪ. ಅಣ್ಣ ಬಯ್ತಾನೆ.”

“ಮೇಷ್ಟ್ರು ಒಲೆ ಬ್ಯಾಡ ಅಂದಿದಾರೆ. ಕಲ್ಲು ಬ್ಯಾಡ ಅಂದಿದಾರಾ?”

ಒಂದು ಬಳಪದ ಕಲ್ಲನ್ನು ಬಾಯ್ಲರಿನ ಮೇಲಿಟ್ಟು ಕಾಯಿಸಿ, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಊರಿನ ಹೆಂಗಸರೆಲ್ಲ ಚರ್ಚಿಗೆ ಒಯ್ಯುವುದು ಅದನ್ನೇ, ಪ್ರಾರ್ಥನೆ ಮುಗಿಯುವವರೆಗೂ ಕಾಲು ಬೆಚ್ಚಗಿರುತ್ತದೆ. ಬೆಂಕಿಯಲ್ಲ, ಹೊಗೆಯಲ್ಲ. ಲಂಗದ ಕೆಳಗೆ ಇಟ್ಟುಕೊಂಡರೆ ಯಾರಿಗೂ ಕಾಣದು. ಇವತ್ತು ಸಂಜೆ ಮೊದಲ ಸಲ ಕೈ ನಡುಗದೆ ಬರೆದೆ.

ಫೆಬ್ರವರಿ 5, ಗುರುವಾರ

ಬಂತು.

ಎರಡನೇ ತಾರೀಕಿನ ಸಂಜೆಯಿಂದಲೇ ಬರುತ್ತಿತ್ತು, ಅಣ್ಣ ನಂಬಿರಲಿಲ್ಲ. ಒಂದನೇ ಗುರುತಿನಲ್ಲಿ ಪಟ್ಟೆ ಒಂದು ಕಡೆಗೆ, ಐದರಲ್ಲಿ ವಾಪಸು, ಒಂಬತ್ತರಲ್ಲಿ ಮತ್ತೆ ಅತ್ತ, ಹದಿಮೂರರಲ್ಲಿ ಇತ್ತ. ನಾಲ್ಕು, ಹೆಚ್ಚುಕಡಿಮೆ ನಾಲ್ಕು, ಪ್ರತಿ ಸುತ್ತಿನಲ್ಲೂ. ಇವತ್ತು ಮಧ್ಯಾಹ್ನದ ಲೆಕ್ಕ ಕೂಡಿಸಿ ಅವನ ಮುಂದೆ ಹಿಡಿದೆ. ಹಾಳೆಯನ್ನು ನೋಡಿದ, ನನ್ನನ್ನು ನೋಡಿದ, ಕನ್ನಡಕ ತೆಗೆದು ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ.

“ಊಟಕ್ಕೇನಿದೆ?” ಎಂದು ಕೇಳಿದ.

ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸು ಎರಡು ತಟ್ಟೆ ತಿಂದ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಫೆಬ್ರವರಿ 14

ಅಣ್ಣ ಸೀಟಿ ಹಾಕಿಕೊಂಡು ಗಡ್ಡ ಬೋಳಿಸಿಕೊಳ್ಳುತ್ತಾನೆ. ಅಮ್ಮ ಬದುಕಿದ್ದಾಗ ಕೇಳಿದ ಸೀಟಿ. ಮಾರ್ಚ್ 20ಕ್ಕೆ ಕ್ಲೀವ್‌ಲ್ಯಾಂಡಿನ ವಿಜ್ಞಾನ ಸಭೆಯಲ್ಲಿ ಓದಲು ಕರೆ ಬಂದಿದೆ. ಅಧ್ಯಕ್ಷರು ದಾರಿಯಲ್ಲಿ ಸಿಕ್ಕಿ ನನಗೂ ಟೋಪಿ ತೆಗೆದರು, ವ್ಯಾಯಾಮಶಾಲೆಗೆ ಬೇರೆ ಜಾಗ ನೋಡುತ್ತಿದ್ದಾರಂತೆ.

“ಗಾಳಿ ಸಿಕ್ತಂತೆ ಮೇಷ್ಟ್ರಿಗೆ. ನಂಗೆ ಮೂವತ್ ವರ್ಷದಿಂದ ಸಿಗ್ತಾ ಐತೆ, ಬಾಗ್ಲು ಸಂದೀಲಿ. ಒಬ್ರೂ ಸಭೆಗ್ ಕರೀಲಿಲ್ಲ,” ಎಂದ ಕುಬಿಚೆಕ್.

ಫೆಬ್ರವರಿ 20, ಶುಕ್ರವಾರ

ಇವತ್ತು ಮಧ್ಯಾಹ್ನ ಏನೂ ಬರಲಿಲ್ಲ. ಆರು ಸುತ್ತಿಗೂ ಸೊನ್ನೆ. ಸಂಜೆ ಮತ್ತೆ ನಾಲ್ಕು.

ಅಣ್ಣ ಗಾಬರಿಯಾಗಲಿಲ್ಲ, ಅದೇ ಆಶ್ಚರ್ಯ. ಗಾಳಿಯೆಂದ ಮೇಲೆ ಬೀಸುವುದೂ ಉಂಟು ನಿಲ್ಲುವುದೂ ಉಂಟು ಎಂದು ಅರ್ಧ ಗಂಟೆ ವಿವರಿಸಿದ. ಸರಿಯಾಗಿಯೇ ಇರಬೇಕು. ಆದರೆ ಕುಬಿಚೆಕ್ ಇವತ್ತು ಬೆಳಿಗ್ಗೆ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದ, ಬಂದದ್ದು ಮಧ್ಯಾಹ್ನ ಮೂರಕ್ಕೆ. ಹನ್ನೆರಡು ಗಂಟೆಗೆ ನನ್ನ ಕಾಲಿಗೆ ಕಲ್ಲಿರಲಿಲ್ಲ.

ಇದನ್ನು ಯಾಕೆ ಬರೆದೆನೋ. ಆಕಾಶದ ಗಾಳಿಗೂ ನನ್ನ ಕಾಲಿಗೂ ಏನು ಸಂಬಂಧ?

ಫೆಬ್ರವರಿ 24

ತಲೆ ಚಿಟ್ಟು ಹಿಡಿದಿದೆ. ನಿನ್ನೆ ಮಧ್ಯಾಹ್ನ ಕಲ್ಲು ಬೇಡವೆಂದೆ: ಸೊನ್ನೆ. ಸಂಜೆ ಇಟ್ಟುಕೊಂಡೆ: ನಾಲ್ಕು. ಇವತ್ತು ಮಧ್ಯಾಹ್ನ ಇಟ್ಟುಕೊಂಡೆ: ನಾಲ್ಕು. ಸಂಜೆ ಬಿಟ್ಟೆ: ಒಂದು, ಸೊನ್ನೆ, ಸೊನ್ನೆ, ಸೊನ್ನೆ.

ನಾಲ್ಕೇ ಸಲ ಹೀಗಾದರೆ ಕಾಕತಾಳೀಯವೂ ಆಗಬಹುದು. ನಾಳೆ ಎರಡು ಹೊತ್ತೂ ಇಟ್ಟುಕೊಳ್ಳುತ್ತೇನೆ, ನಾಡಿದ್ದು ಎರಡು ಹೊತ್ತೂ ಬಿಡುತ್ತೇನೆ.

ಫೆಬ್ರವರಿ 28, ಶನಿವಾರ

ಬೇಕೆಂದಾಗ ಗಾಳಿ ಬೀಸುತ್ತದೆ, ಬೇಡವೆಂದಾಗ ನಿಲ್ಲುತ್ತದೆ. ಕಾರಣ ಇವತ್ತು ಹೊಳೆಯಿತು. ಎದ್ದು ಹೋಗಿ ಖಾಲಿ ಕೋಣೆಯಲ್ಲಿ ಚಪ್ಪಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿದೆ. ಬೆಳಕು ಹೋಗಿ ಬರುವುದು ಮೂಲೆಯಿಂದ ಮೂಲೆಗೆ. ಒಂದು ಸುತ್ತಿನಲ್ಲಿ ನಾಲ್ಕು ಮೂಲೆಯೂ ಒಂದಾದ ಮೇಲೊಂದು ನನ್ನ ಕುರ್ಚಿಯ ಮುಂದೆ ಹಾಯುತ್ತದೆ. ಮೊದಲು ಒಂದು ಪಾಲಿನ ದಾರಿ ಬೆಚ್ಚಗಾಗುತ್ತದೆ, ಆಮೇಲೆ ಇನ್ನೊಂದರದು, ಮತ್ತೆ ಮೊದಲನೆಯದು, ಮತ್ತೆ ಇನ್ನೊಂದು. ಅತ್ತ, ಇತ್ತ, ಅತ್ತ, ಇತ್ತ. ಒಂದು, ಐದು, ಒಂಬತ್ತು, ಹದಿಮೂರು. ದೀಪವೂ ಅಣ್ಣನೂ ಚಪ್ಪಡಿಯ ಜೊತೆಗೇ ಸುತ್ತುತ್ತಾರೆ. ಆ ಕೋಣೆಯಲ್ಲಿ ನಿಂತಲ್ಲೇ ನಿಂತಿರುವುದು ನಾನೊಬ್ಬಳೇ.

ನನ್ನ ಊಹೆ ಸುಳ್ಳಾಗಲಿ ಎಂದು ಇನ್ನೊಂದು ಪರೀಕ್ಷೆ ಮಾಡಿದೆ. ಸಂಜೆ ಕುರ್ಚಿಯನ್ನು ಮೂರನೇ ಗುರುತಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ. ದುರ್ಬೀನಿಗೆ ಕಣ್ಣಿಟ್ಟ ಅಣ್ಣನಿಗೆ ಇದೆಲ್ಲ ಕಾಣುವುದಿಲ್ಲ. ಪಟ್ಟೆ ಮೂರರಲ್ಲಿ, ಏಳರಲ್ಲಿ, ಹನ್ನೊಂದರಲ್ಲಿ, ಹದಿನೈದರಲ್ಲಿ ಸರಿಯಿತು. ಈಥರಿನ ಗಾಳಿ ನನ್ನ ಕುರ್ಚಿಯ ಹಿಂದೆಯೇ ಬಂತು.

“ದಿಕ್ಕು ಬದಲಾಗಿದೆ ವಿನಿ, ನೋಡಿದೆಯಾ? ವಸಂತ ಹತ್ತಿರ ಬರ್ತಾ ಇದೆ, ಭೂಮಿ ಹೋಗೋ ದಾರಿ ಬಾಗ್ತಾ ಇದೆ. ಹೀಗೇ ಆಗಬೇಕಿತ್ತು,” ಎಂದ ಅಣ್ಣ. ಅವನ ಮುಖದಲ್ಲಿ ಎಂಥ ಸಂತೋಷ.

ಅಣ್ಣ ಏನನ್ನು ಬೇಕಾದರೂ ವಿವರಿಸಬಲ್ಲ ಎಂದು ಗೊತ್ತಿತ್ತು. ಅದಕ್ಕೆ ಹೆದರಬೇಕು ಎಂದು ಗೊತ್ತಿರಲಿಲ್ಲ.

ಮಾರ್ಚ್ 5

ಹೇಳಲೋ ಬೇಡವೋ. ಹೇಳಿದರೆ ಅವನು ಮತ್ತೆ ಗೋಡೆ ನೋಡುತ್ತ ಕೂರುತ್ತಾನೆ. ಹೇಳದಿದ್ದರೆ ಇಡೀ ಸಭೆಯ ಮುಂದೆ ನನ್ನ ಕಾಲಿನ ಬಿಸಿಯನ್ನು ಆಕಾಶದ ಗಾಳಿ ಎಂದು ಓದುತ್ತಾನೆ. ಯಾರೋ ಒಬ್ಬರು ಇನ್ನೊಂದು ವರ್ಷದಲ್ಲಿ ಹಿಡಿದೇ ಹಿಡಿಯುತ್ತಾರೆ. ಹಿಡಿಯದಿದ್ದರೆ ಅದು ಇನ್ನೂ ಕೆಟ್ಟದ್ದು, ಹಾಗೆಂದು ಯಾಕೆ ಅನ್ನಿಸುತ್ತದೋ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಅನ್ನಿಸುತ್ತಿರಲಿಲ್ಲ.

ಕುಬಿಚೆಕ್‌ನನ್ನು ಕೇಳಿದೆ. ಅವನು ಹೆಂಡತಿ ಕಟ್ಟಿಕೊಟ್ಟ ಗಸಗಸೆ ಬನ್ನು ಅರ್ಧ ಮುರಿದು ನನಗೆ ಕೊಟ್ಟ.

“ಕಲ್ಲು ಕೊಟ್ಟೋನು ನಾನು. ಬೈಸ್ಕಳದಾದ್ರೆ ನಾನೇ ಬೈಸ್ಕತೀನಿ ಬಿಡಿ ಅಮ್ಮಾವ್ರೇ.”

“ಬೈಯೋದಲ್ಲಪ್ಪ. ಅವನು ಬೈದ್ರೆ ನನಗೆ ನೆಮ್ಮದಿ. ಸುಮ್ಮನಾಗಿಬಿಟ್ರೆ?”

ಅವನು ಬನ್ನು ಅಗಿಯುತ್ತ ಹೇಳಿದ, “ನಮ್ಮಪ್ಪ ಕೊನೇಗಾಲ್ದಲ್ಲಿ ಕಣ್ ಕಾಣ್ದೇ ಇದ್ರೂ, ಮಗ್ಗ ಸರೀಗ್ ನೇಯ್ತಾ ಇದೀನಾ ಅಂತ ಕೇಳೋನು. ನಾವೆಲ್ಲ ಹೂಂ ಅನ್ನೋವು. ಸಾಯೋ ಮುಂಚೆ ನೇಯ್ದ ಬಟ್ಟೇನ ಬೆರಳಲ್ಲಿ ಸವರಿ ನೋಡ್ಕೊಂಡ. ಆಮ್ಯಾಕೆ ನಮ್ ಜೊತೆ ಮಾತಾಡ್ಲಿಲ್ಲ.”

ಮಾರ್ಚ್ 11

ಅಣ್ಣ ಸಭೆಗೆಂದು ಹೊಸ ಕಾಲರು ಕೊಂಡು ತಂದ. ಇವತ್ತೂ ಹೇಳಲಿಲ್ಲ.

ಮಾರ್ಚ್ 17, ಮಂಗಳವಾರ

ಹೇಳಿದೆ. ಬೆಳಿಗ್ಗೆ ತಿಂಡಿಯ ಮೇಜಿನ ಹತ್ತಿರ, ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ. ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ: ಯಾವ ದಿನ ಕಲ್ಲು ಇತ್ತು, ಯಾವ ದಿನ ಇರಲಿಲ್ಲ, ಕುರ್ಚಿ ಎಲ್ಲಿತ್ತು. ಹಾಳೆಯನ್ನು ಅವನ ತಟ್ಟೆಯ ಪಕ್ಕ ಇಟ್ಟೆ.

ಅವನು ಎರಡು ಸಲ ಓದಿದ.

“ಎಷ್ಟು ದಿನದಿಂದ ಗೊತ್ತು?”

“ಮೂರು ವಾರ ಆಗ್ತಾ ಬಂತು.”

“ಮೂರು ವಾರ ನಾನು ಬೀದಿ ತುಂಬ ಕುಣೀತಾ ಇದ್ದೆ. ನೀನು ನೋಡ್ತಾ ಇದ್ದೆ.”

“ನೀನು ಊಟ ಮಾಡ್ತಾ ಇದ್ದೆ ಅಣ್ಣ.”

ಚಾಕುವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಮಹಡಿಗೆ ಹೋದ. ಹನ್ನೆರಡಕ್ಕೆ ಬರಲಿಲ್ಲ. ಆರಕ್ಕೂ ಬರಲಿಲ್ಲ. ಬಾಗಿಲಿಗೆ ಕಿವಿಗೊಟ್ಟೆ, ಎಣಿಸುತ್ತಿದ್ದಾನೋ ಏನೋ ತಿಳಿಯಲಿಲ್ಲ.

ಮಾರ್ಚ್ 18

ಬಾಗಿಲ ಹೊರಗಿಟ್ಟ ತಟ್ಟೆ ಇಟ್ಟ ಹಾಗೆಯೇ ಇದೆ. ನಾನು ಏನು ಮಾಡಿಬಿಟ್ಟೆ.

ಮಾರ್ಚ್ 19, ಗುರುವಾರ

ಹನ್ನೊಂದೂವರೆಗೆ ಕೆಳಗಿಳಿದು ಬಂದ. ಗಡ್ಡ ಬೋಳಿಸಿಕೊಂಡಿರಲಿಲ್ಲ. ಕೋಟು ಹಾಕಿಕೊಂಡು, “ನಡಿ,” ಎಂದ. ಇಬ್ಬರೂ ಹಿಮದಲ್ಲಿ ನಡೆದೆವು. ನೆಲಮಾಳಿಗೆಯಲ್ಲಿ ಅವನು ನನ್ನ ಕುರ್ಚಿಯನ್ನು ಗೋಡೆಯ ತುದಿಗೆ ಎಳೆದು ತಾನೇ ಕುಳಿತು, ಪೆನ್ಸಿಲು ತೆಗೆದುಕೊಂಡ.

“ನೀನು ನೋಡು. ನಾನು ಬರೀತೀನಿ.”

“ನನಗೆ ಬರಲ್ಲ ಅಣ್ಣ.”

“ನನ್ನ ಕಣ್ಣಿಗೆ ಬೇಕಾದದ್ದೇ ಕಾಣೋ ಹಾಗಾಗಿದೆ. ನೋಡು.”

ಎರಡು ತಿಂಗಳು ಅದರ ಪಕ್ಕದಲ್ಲೇ ಕುಳಿತಿದ್ದರೂ ನಾನು ಒಮ್ಮೆಯೂ ದುರ್ಬೀನಿಗೆ ಕಣ್ಣಿಟ್ಟಿರಲಿಲ್ಲ. ಹಳದಿ ಬೆಳಕು, ಅದರಲ್ಲಿ ನೆಟ್ಟಗೆ ನಿಂತ ಕಪ್ಪು ಪಟ್ಟೆಗಳು. ಉಸಿರು ಬಿಟ್ಟರೆ ನಡುಗಿ ಮತ್ತೆ ನಿಲ್ಲುತ್ತಿದ್ದವು. ಚಪ್ಪಡಿಯ ಜೊತೆ ಹೆಜ್ಜೆ ಹಾಕಿದೆ. ಲಂಗ ಕಾಲಿಗೆ ತೊಡರುತ್ತಿತ್ತು, ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೆ. ಸರಿದುಬಿಡು, ಅಣ್ಣನಿಗೋಸ್ಕರ ಒಂದು ಚೂರು ಸರಿದುಬಿಡು ಎಂದು ಪಟ್ಟೆಯನ್ನು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಳ್ಳುವಾಗಲೇ, ನಾನು ಬೇಡಿಕೊಂಡದ್ದಕ್ಕೆ ಸರಿದಂತೆ ಕಂಡರೆ ಏನು ಗತಿ ಎಂದು ಭಯವಾಯಿತು.

“ಒಂದು?” ಎಂದ ಅಣ್ಣ.

“ಸೊನ್ನೆ.”

“ಎರಡು?”

“ಸೊನ್ನೆ.”

ಹದಿನಾರಕ್ಕೂ ಕೇಳಿದ. ಆರು ಸುತ್ತು. ಕೂಡಿಸಲು ಏನೂ ಇರಲಿಲ್ಲ.

ಭೂಮಿ ಓಡುತ್ತಿರುವುದು ಸುಳ್ಳಲ್ಲ. ಬೆಳಕು ಅಲೆಯೆನ್ನುವುದೂ ಸುಳ್ಳಲ್ಲವಂತೆ. ಎದುರು ಹೋದದ್ದೂ ಅಡ್ಡ ಹೋದದ್ದೂ ಒಂದೇ ಹೊತ್ತಿಗೆ ವಾಪಸು ಬರುತ್ತದೆ. ಹೇಗೆ? ಈಗ ನನಗೆ ತಿಳಿಯದಿರುವುದು ಜನವರಿಯಲ್ಲಿ ತಿಳಿಯದಿದ್ದ ಹಾಗಲ್ಲ. ಆಗ ಅಣ್ಣನಿಗೆ ತಿಳಿದಿದೆ ಎಂದುಕೊಂಡಿದ್ದೆ.

ಮಾರ್ಚ್ 21, ಶನಿವಾರ

ಅಣ್ಣ ಕ್ಲೀವ್‌ಲ್ಯಾಂಡಿನ ಸಭೆ ಮುಗಿಸಿ ಮಧ್ಯಾಹ್ನದ ರೈಲಿಗೆ ಬಂದ. ನಿಲ್ದಾಣಕ್ಕೆ ಹೋಗಿದ್ದೆ. ಇಳಿದವನ ಮುಖ ನೋಡಲು ಧೈರ್ಯವಾಗದೆ ಅವನ ಬೂಟು ನೋಡುತ್ತ ನಿಂತೆ.

“ಗಾಳಿ ಸಿಗಲಿಲ್ಲ ಅಂತ ಓದಿದೆ. ಮುದುಕರೊಬ್ಬರು ಎದ್ದು, ಹಾಗಾದ್ರೆ ಸೂರ್ಯನ ಬೆಳಕು ನಮ್ಮ ತನಕ ಯಾವುದರ ಮೇಲೆ ಬರುತ್ತೆ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ.”

“ಆಮೇಲೆ?”

“ಆಮೇಲೇನು, ಕೂತ್ಕೊಂಡೆ. ಹಸಿವಾಗ್ತಾ ಇತ್ತು.”

ನಾನು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಹೆದರಿದ್ದೆ.

ಮನೆಗೆ ಬಂದು ಸೂಪು ಕುಡಿಯುವಾಗ ಉಳಿದದ್ದನ್ನೂ ಹೇಳಿದ. ಮೊದಲು ನಾಲ್ಕು ಬಂದದ್ದು ಯಾಕೆಂದೂ ಆ ಮುದುಕರು ಕೇಳಿದರಂತೆ. “ಬರ್ಕೊಳ್ಳೋ ಹೆಂಗಸೊಬ್ಬಳು ಕಾಲ ಕೆಳಗೆ ಬಿಸಿ ಕಲ್ಲು ಇಟ್ಕೊಂಡಿದ್ಲು, ನಂತರ ಪತ್ತೆ ಆಯ್ತು ಅಂದೆ. ಎಲ್ಲರೂ ನಕ್ಕರು. ಒಳ್ಳೇ ನಗು ವಿನಿ, ಕೆಟ್ಟದ್ದಲ್ಲ.”

“ಯಾರು ಪತ್ತೆ ಮಾಡಿದ್ದು ಅಂತ ಹೇಳಿದೆಯಾ?”

ಅವನು ಚಮಚ ಕೆಳಗಿಟ್ಟ. “ಯಾರೂ ಕೇಳಲಿಲ್ಲ.”

ನನಗೆ ತುಂಬ ನೋವಾಯಿತು. ಮೂರು ದಿನದ ಹಿಂದೆ ಅವನ ಉಸಿರಿದ್ದರೆ ಸಾಕೆಂದು ಬೇಡಿಕೊಂಡವಳಿಗೆ ಈಗ ಇಂಥದ್ದಕ್ಕೆ ನೋವಾಗುತ್ತದೆ ಎಂದರೆ ನನಗೇ ಅರ್ಥವಾಗುತ್ತಿಲ್ಲ. ಸೂಪಿಗೆ ಉಪ್ಪು ಬೇಕಾ ಎಂದು ಕೇಳಿ ಎದ್ದು ಹೋದೆ.

ಮಾರ್ಚ್ 23, ಸೋಮವಾರ

ಈಸ್ಟರಿಗೆ ಇನ್ನು ಆರೇ ದಿನ. ಗಾಳಿ ಸಿಗದ ಮೇಲೆ ನೆಲಮಾಳಿಗೆ ವ್ಯಾಯಾಮಶಾಲೆಗೇ; ಈಸ್ಟರ್ ಮುಗಿದರೆ ಚಪ್ಪಡಿಯನ್ನು ಒಡೆದು ಸಾಗಿಸುತ್ತಾರೆ. ಅಣ್ಣ ನೆಲಮಾಳಿಗೆಯ ಮಾತೇ ಎತ್ತಲಿಲ್ಲ, ತೋಟದಲ್ಲಿ ಹಿಮ ಗೋರುತ್ತಿದ್ದ. ಮಾರ್ಚ್ ಕೊನೆಯ ವಾರದಲ್ಲಿ ಇಲ್ಲಿಯವರೆಗೆ ಯಾರೂ ನೋಡಿಲ್ಲ. ಆರು ದಿನವೆಂದರೆ ಹನ್ನೆರಡು ಸಲ, ಎಪ್ಪತ್ತೆರಡು ಸುತ್ತು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ನಾನೊಬ್ಬಳೇ ಹೋದೆ. ಕುರ್ಚಿಯನ್ನೂ ಹೊರಗೆ ಹಾಕಿದೆ. ಕಂಡ ಅಂಕಿಯನ್ನು ನಾನೇ ನೆನಪಿಟ್ಟುಕೊಂಡು ಸುತ್ತು ಮುಗಿದ ಮೇಲೆ ಬರೆಯುವುದು ಎಂದುಕೊಂಡೆ.

ಎರಡನೇ ಸುತ್ತಿನಲ್ಲಿದ್ದಾಗ ಬಾಗಿಲ ಸದ್ದಾಯಿತು. ನಾನು ಕಣ್ಣು ತೆಗೆಯಲಿಲ್ಲ.

“ಕುರ್ಚಿ ಎಲ್ಲಿ?” ಎಂದ ಅಣ್ಣ.

“ಕುರ್ಚಿ ಇಲ್ಲ. ಬರೆಯೋ ಹಾಗಿದ್ರೆ ಬಾಗಿಲ ಹೊರಗೆ ನಿಂತು ಬರಿ. ನೀನೂ ಬೆಚ್ಚಗೇ ಇದ್ದೀಯ.”

ಅವನ ಹೆಜ್ಜೆ ಬಾಗಿಲ ಕಡೆಗೆ ವಾಪಸಾಯಿತು. ಆಮೇಲೆ ಬಾಗಿಲ ಆಚೆಯಿಂದ ಹಾಳೆ ತಿರುವುವ ಸದ್ದು. ನಾನು ಜೋರಾಗಿ ಕೂಗಿ ಹೇಳಿದೆ, ಅವನು ಅಲ್ಲಿಂದ ಬರೆದುಕೊಂಡ. ಆರು ಸುತ್ತು ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಗೆ ಬಂದೆ. ಅವನು ಗೋಡೆಗೆ ಹಾಳೆ ಒತ್ತಿ ಹಿಡಿದು, ಪೆನ್ಸಿಲಿನ ತುದಿ ಕಚ್ಚುತ್ತ ನಿಂತಿದ್ದ.

“ಮೇಲೆ ವೀಕ್ಷಕರು ಅಂತ ಒಂದು ಸಾಲು ಇದೆಯಲ್ಲ. ಅಲ್ಲಿ ಏನು ಬರೀಲಿ?”

“ಲವಿನಿಯಾ ಟ್ರಂಬಲ್. ಪೂರ್ತಿ ಬರಿ.”

ಪೂರ್ತಿ ಬರೆದ. ಆಮೇಲೆ ಹಿಂದಿನ ಹಾಳೆ ತೆಗೆದು, ಹತ್ತೊಂಬತ್ತನೇ ತಾರೀಕಿನ ಮೇಲಿದ್ದ ತನ್ನ ಹೆಸರನ್ನು ಹೊಡೆದು ಹಾಕಿ, ಅಲ್ಲಿಯೂ ಬರೆದ.